ಕಡೇ ಗಂಟೆಗೆ ಬಂದ ಕೂಲಿಯವರು: ಬೈಬಲಿನ ಒಂದು ಭಾಗವನ್ನು ಓದುವ ಬಗೆ

ಕನ್ನಡದಲ್ಲಿ ಬೈಬಲ್ ಓದುವವರನ್ನು ಒಂದು ಪದ ಮೊದಲ ಪುಟದಿಂದಲೇ ದಾರಿ ತಪ್ಪಿಸುತ್ತದೆ. ಆ ಪದ 'ವಚನ'. ಈ ನಾಡಿನ ಕಿವಿಗೆ ವಚನ ಎಂದರೆ ಬಸವಣ್ಣನದು, ಅಲ್ಲಮನದು, ಅಕ್ಕನದು. ಒಂದೊಂದೂ ತನ್ನಷ್ಟಕ್ಕೆ ಪೂರ್ತಿ. ಕೊನೆಯಲ್ಲಿ ಅಂಕಿತ ಬಿತ್ತೆಂದರೆ ಮಾತು ಮುಗಿಯಿತು. ಹಿಂದಿನದು ಮುಂದಿನದು ನೋಡದೆ ಒಂದನ್ನೇ ಎತ್ತಿಕೊಂಡು ಹಾಡಬಹುದು, ಗೋಡೆಗೆ ಬರೆಸಬಹುದು. ಬೈಬಲಿನ ವಚನಕ್ಕೆ ಅಂಕಿತವಿಲ್ಲ, ಇರುವುದು ಬರೀ ಅಂಕಿ. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೇ ಶತಮಾನದಲ್ಲಿ. ಹೊಸ ಒಡಂಬಡಿಕೆಯಲ್ಲಿ ಈಗ ನಾವು ಕಾಣುವ ವಚನದ ಅಂಕಿಗಳನ್ನು ಹಾಕಿದವನು ರೊಬೇರ್ ಎಸ್ತಿಯೆನ್ ಎಂಬ ಫ್ರೆಂಚ್ ಮುದ್ರಕ, 1551ರಲ್ಲಿ. ಮತ್ತಾಯನಾಗಲಿ ಪೌಲನಾಗಲಿ ಅಂಕಿ ಹಾಕಿಕೊಂಡು ಬರೆದವರಲ್ಲ. ಬೈಬಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದ 10ನೇ ಅಧ್ಯಾಯದಿಂದಾಚೆಗೆ ಬರುವ ಬಿಡಿ ಬಿಡಿ ಮಾತುಗಳನ್ನು ನಮ್ಮ ವಚನದ ಹಾಗೆ ಒಂದೊಂದಾಗಿ ಎತ್ತಿಕೊಳ್ಳಬಹುದು. ಉಳಿದ ಕಡೆ ಹಾಗೆ ಮಾಡಿದರೆ ಪೈರಿನಿಂದ ಒಂದು ಗರಿ ಕಿತ್ತುಕೊಂಡು ಬೆಳೆ ಯಾವುದು ಎಂದು ವಾದಿಸಿದಂತಾಗುತ್ತದೆ.

ಡಿಸೆಂಬರ್ 31ರ ರಾತ್ರಿಯ ಆರಾಧನೆ ಮುಗಿದು ಹೊಸ ವರ್ಷ ಹುಟ್ಟುವ ಹೊತ್ತಿಗೆ ಮೈಸೂರು, ಮಂಡ್ಯ ಕಡೆಯ ಎಷ್ಟೋ ಸಭೆಗಳಲ್ಲಿ ವಾಗ್ದಾನದ ಕಾರ್ಡು ಹಂಚುತ್ತಾರೆ. ತಟ್ಟೆಗೆ ಕೈ ಹಾಕಿದರೆ ಬಂದದ್ದೇ ಆ ವರ್ಷದ ವಾಗ್ದಾನ. ಮನೆಗೆ ತಂದು ಷೋಕೇಸಿನ ಗಾಜಿಗೋ ಫ್ರಿಡ್ಜಿನ ಬಾಗಿಲಿಗೋ ಅಂಟಿಸಿದರೆ ಮುಂದಿನ ಡಿಸೆಂಬರ್‌ವರೆಗೆ ಅಲ್ಲೇ ಇರುತ್ತದೆ. ಆ ಕಾರ್ಡುಗಳಲ್ಲಿ ಯೆರೆಮೀಯ 29:11 ಇದ್ದೇ ಇರುತ್ತದೆ. ನಿಮ್ಮ ವಿಷಯದಲ್ಲಿ ನಾನು ಮಾಡಿಕೊಂಡಿರುವ ಯೋಚನೆ ನನಗೆ ಗೊತ್ತು, ಅದು ಕೇಡಿನದಲ್ಲ, ಹಿತದ್ದು ಎಂಬ ಮಾತು. ಕಾರ್ಡು ಎತ್ತಿಕೊಂಡವರು ಅದನ್ನು ಮಗನ ಸೀಟಿಗೆ, ಮಗಳ ಮದುವೆಗೆ, ಸೈಟಿನ ಖಾತೆಗೆ ಹೊಂದಿಸಿಕೊಳ್ಳುತ್ತಾರೆ.

ಅದರ ಹಿಂದಿನ ವಚನ ಮಾತ್ರ ಯಾವ ಕಾರ್ಡಿನಲ್ಲೂ ಬರುವುದಿಲ್ಲ. 29:10 ಹೇಳುವುದು, ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಬರಮಾಡುತ್ತೇನೆ ಎಂದು. ಕ್ರಿಸ್ತಪೂರ್ವ 597ರಲ್ಲಿ ಅರಸನ ಜೊತೆ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಕಳಿಸಿದ ಕಾಗದ ಅದು. ಕಾಗದ ಕೈಗೆ ಸಿಕ್ಕಿದ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೆಯೇ ಸಾಯಬೇಕು. ಅದಕ್ಕೇ 5ರಿಂದ 7ನೇ ವಚನಗಳಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿ, ಮಕ್ಕಳ ಮದುವೆ ಮಾಡಿ, ನೀವು ಸೆರೆಯಾಗಿ ಹೋಗಿರುವ ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುವುದು. ಇನ್ನೊಂದು ಅಧ್ಯಾಯ ಹಿಂದೆ ಹೋದರೆ ಹನನ್ಯ ಎಂಬ ಪ್ರವಾದಿ ಸಿಗುತ್ತಾನೆ. ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲೇ ನಿಂತು ಸಾರಿದವನು. ಅದೇ ವರ್ಷ ಅವನು ಸತ್ತ ಎಂದು 28:17 ಹೇಳುತ್ತದೆ. ಹನನ್ಯನ ಮಾತು ಕಾರ್ಡಿಗೆ ಚೆನ್ನಾಗಿ ಹೊಂದುತ್ತಿತ್ತು.

ಹಾಗೆಂದು 29:11 ಬೇಡ ಎಂದಲ್ಲ. ಅದರ ತೂಕ ತಿಳಿಯುವುದು ಎಪ್ಪತ್ತು ವರ್ಷದ ಪಕ್ಕದಲ್ಲಿಟ್ಟಾಗ. ಕಾರ್ಡು ಗಾಜಿನ ಮೇಲೆ ಇರಲಿ, ಆದರೆ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ '28:1ರಿಂದ 29:14' ಎಂದು ಬರೆದಿಟ್ಟು, ಜನವರಿಯ ಮೊದಲ ವಾರದಲ್ಲಿ ಅಷ್ಟನ್ನೂ ಒಮ್ಮೆ ಓದುವುದು ಒಳ್ಳೆಯದು. ಜೋರಾಗಿ ಓದಿದರೂ ಏಳೆಂಟು ನಿಮಿಷ ಸಾಕು.

ಒಂದು ಸಲಕ್ಕೆ ಎಷ್ಟು ಓದಬೇಕು? ಧ್ಯಾನಿಸಿ ಓದುವುದಾದರೆ 12ರಿಂದ 20 ವಚನ. ಅದಕ್ಕಿಂತ ಕಡಿಮೆಯಾದರೆ ಸಂದರ್ಭ ಸಿಗುವುದಿಲ್ಲ, ಹೆಚ್ಚಾದರೆ ಗಮನ ನಿಲ್ಲುವುದಿಲ್ಲ. ಭಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದನ್ನು ಮಾತ್ರ ಅಧ್ಯಾಯದ ಅಂಕಿಗೆ ಬಿಡಬಾರದು, ನಡುವೆ ದಪ್ಪಕ್ಷರದಲ್ಲಿ ಹಾಕಿರುವ ಶೀರ್ಷಿಕೆಗಂತೂ ಬಿಡಲೇಬಾರದು. ಆ ಶೀರ್ಷಿಕೆಗಳು ಪ್ರಕಾಶಕರು ಹಾಕಿದ್ದು. ಜಾಗ ಬದಲಾಯಿತೇ, ಹೊತ್ತು ಬದಲಾಯಿತೇ, ಹೊಸಬರು ಬಂದರೇ, ಒಂದೇ ಮಾತು ಮೊದಲಿಗೂ ಕೊನೆಗೂ ಬಂತೇ ಎಂದು ನೋಡಿದರೆ ಗಡಿ ತಾನಾಗಿ ಕಾಣುತ್ತದೆ.

ಒಂದು ಭಾಗವನ್ನೇ ಹಿಡಿದು ನೋಡೋಣ. ಮತ್ತಾಯ 20:1ರಿಂದ 16, ದ್ರಾಕ್ಷೇತೋಟದ ಕೂಲಿಯವರ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ. ಯಜಮಾನ ಬೆಳಗಾಗುತ್ತಲೇ ಪೇಟೆಗೆ ಹೋಗಿ ದಿನಕ್ಕೆ ಇಷ್ಟು ಎಂದು ಗೊತ್ತುಮಾಡಿ ಆಳುಗಳನ್ನು ಕರೆತರುತ್ತಾನೆ. ಆಮೇಲೆ ಒಂಬತ್ತು ಗಂಟೆಗೆ, ಮಧ್ಯಾಹ್ನಕ್ಕೆ, ಮೂರಕ್ಕೆ, ಸಂಜೆ ಐದಕ್ಕೆ ಮತ್ತೆ ಮತ್ತೆ ಹೋಗುತ್ತಾನೆ. ಆರಕ್ಕೆ ಬಟವಾಡೆ. ಎಲ್ಲರಿಗೂ ಒಂದೇ ಕೂಲಿ, ಒಂದು ದೆನಾರಿಯಸ್. ಈ ನಾಣ್ಯಕ್ಕೆ ಒಂದೊಂದು ಅನುವಾದ ಒಂದೊಂದು ಹೆಸರಿಡುತ್ತದೆ. ಆಗಿನ ಲೆಕ್ಕಕ್ಕೆ ಅದು ಒಂದು ದಿನದ ಕೂಲಿ ಎಂದಷ್ಟು ಗೊತ್ತಿದ್ದರೆ ಸಾಕು. ಬೆಳಗಿನವರು ಗೊಣಗುತ್ತಾರೆ.

ಮೈಸೂರಿನ ಸರ್ಕಲ್ಲುಗಳಲ್ಲಿ ಬೆಳಿಗ್ಗೆ ಬುತ್ತಿಚೀಲ ಹಿಡಿದು ಗಾರೆ ಕೆಲಸಕ್ಕೆ ಕಾಯುವವರನ್ನು ನೋಡಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಗಂಟೆಯಾದರೂ ಅಲ್ಲೇ ನಿಂತಿರುವವನ ಮುಖ ಹೇಗಿರುತ್ತದೆಂದು ಗೊತ್ತು. ಆದರೆ ಗೊತ್ತಿರುವುದೇ ಅಡ್ಡ ಬರುವುದೂ ಉಂಟು. ಕಬ್ಬಿನ ಸೀಮೆಯ ಓದುಗ ತಟ್ಟನೆ ಹೇಳುತ್ತಾನೆ: ಕಟಾವಿನ ಕಾಲ, ಆಳು ಸಾಲದೆ ಬಂದಿದೆ, ಅದಕ್ಕೇ ಐದು ಸಲ ಪೇಟೆಗೆ ಓಡಿದ್ದಾನೆ. ಕಡಿದ ಕಬ್ಬು ಬೇಗ ಆಲೆಮನೆಗೋ ಕಾರ್ಖಾನೆಗೋ ಸೇರದಿದ್ದರೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ, ಮಂಡ್ಯದವರಿಗೆ ಇದು ಯಾರೂ ಕಲಿಸಬೇಕಾದ ಪಾಠವಲ್ಲ. ಊಹೆ ಚೆನ್ನಾಗಿದೆ. ಪಠ್ಯದಲ್ಲಿ ಮಾತ್ರ ಅದು ಇಲ್ಲ. ಸುಗ್ಗಿಯ ಅವಸರ, ಮಳೆಯ ಭಯ, ಆಳಿನ ಕೊರತೆ ಒಂದನ್ನೂ ಮತ್ತಾಯ ಬರೆದಿಲ್ಲ. ಯಜಮಾನ ಕೇಳುವುದು, ದಿನವೆಲ್ಲಾ ಯಾಕೆ ಸುಮ್ಮನೆ ನಿಂತಿದ್ದೀರಿ ಎಂದು. ಅವರು ಹೇಳುವುದು, ನಮ್ಮನ್ನು ಯಾರೂ ಕರೆಯಲಿಲ್ಲ ಎಂದು. ಪಠ್ಯ ನಿಲ್ಲುವುದು ಅಲ್ಲಿ, ಬೆಳೆಯ ಮೇಲಲ್ಲ.

ಇದಕ್ಕೇ ನೋಟ್‌ಬುಕ್ಕಿನ ಎರಡು ಪುಟ ಬೇಕಾಗುವುದು. ಎಡಗಡೆ ಪಠ್ಯದಲ್ಲಿ ಇರುವುದು, ವಚನದ ಅಂಕಿಯೊಂದಿಗೆ. ಬಲಗಡೆ ನಮ್ಮ ಊಹೆ, ಅನುಮಾನ, ಪ್ರಶ್ನೆ. ಬಲಗಡೆಯದು ಎಷ್ಟೇ ಚಂದ ಕಂಡರೂ ಆಧಾರ ಸಿಗುವ ತನಕ ಎಡಗಡೆಗೆ ದಾಟಿಸಬಾರದು. ಪ್ರಸಂಗಗಳಲ್ಲಿ ಕೇಳಿಬರುವ ಅರ್ಧದಷ್ಟು ಗೊಂದಲ ಈ ಗೆರೆ ಅಳಿಸಿಹೋದದ್ದರಿಂದ ಬಂದದ್ದು ಎಂದರೆ ಪ್ರಸಂಗ ಮಾಡುವ ಅಯ್ಯನವರು ಬೇಸರ ಮಾಡಿಕೊಳ್ಳಬಾರದು.

ಎಡಪುಟ ತುಂಬಿಸಲು ಮೂರು ಸಲ ಓದಬೇಕು, ಮೂರೂ ಸಲ ಬಾಯಿಬಿಟ್ಟು. ಮೊದಲ ಸಲ ಎಲ್ಲೂ ನಿಲ್ಲದೆ. ಎರಡನೇ ಸಲ ಪೆನ್ಸಿಲ್ ಹಿಡಿದು, ತಿರುಗಿ ಬರುವ ಪದಗಳಿಗೂ ಕೊಂಡಿ ಪದಗಳಿಗೂ ಗೆರೆ ಹಾಕುತ್ತಾ: ಆದರೆ, ಯಾಕಂದರೆ, ಆದ್ದರಿಂದ, ಹೀಗಿರಲಾಗಿ. ಪೌಲ ರೋಮಾಪುರದವರಿಗೆ ಬರೆದ ಪತ್ರದ 12:1ರ 'ಆದ್ದರಿಂದ' ಎಂಬ ಒಂದು ಪದದ ಮೇಲೆ ಹಿಂದಿನ ಹನ್ನೊಂದು ಅಧ್ಯಾಯಗಳ ಭಾರ ಕೂತಿದೆ, ಅದನ್ನು ಬಿಟ್ಟು ಓದಿದರೆ ಉಳಿಯುವುದು ಬರೀ ಬುದ್ಧಿವಾದ. ಮೂರನೇ ಸಲ ಬೇರೆ ಅನುವಾದದಲ್ಲಿ. ಸತ್ಯವೇದ ಎಂಬ ಹಳೆಯ ಕನ್ನಡ ಬೈಬಲಿನ ಜೊತೆಗೆ ಸರಳ ಕನ್ನಡದ ಒಂದು ಅನುವಾದ ಇಟ್ಟುಕೊಂಡರೆ ಆಯಿತು. ಎರಡೂ ಒಂದೇ ಹೇಳುವ ಕಡೆ ಮುಂದೆ ಹೋಗಿ, ಬೇರೆ ಬೇರೆ ಹೇಳುವ ಕಡೆ ನಿಲ್ಲಿ. ಹದಿನಾರು ವಚನಕ್ಕೆ ಇಷ್ಟೆಲ್ಲ ಸೇರಿ ಕಾಲು ಗಂಟೆ. ಮೊಬೈಲಿನಲ್ಲಿ ಓದುವುದಕ್ಕೆ ಅಡ್ಡಿಯಿಲ್ಲ, ಆದರೆ ಬೆರಳು ಜಾರಿಸುವ ತೆರೆಯಲ್ಲಿ ಭಾಗದ ಉದ್ದಗಲ ಕಣ್ಣಿಗೆ ಬೀಳುವುದಿಲ್ಲ. ಕಾಗದದ ಪುಟ ಇದ್ದರೆ ಅದೇ ವಾಸಿ.

ಹೀಗೆ ಓದಿದಾಗ ನಮ್ಮ ಸಾಮ್ಯದಲ್ಲಿ ಏನು ಕಾಣುತ್ತದೆ? ಬೆಳಗಿನವರಿಗೆ ಮಾತ್ರ ಕೂಲಿ ಇಷ್ಟು ಎಂದು ಗೊತ್ತಾಗಿತ್ತು. ಒಂಬತ್ತು ಗಂಟೆಯವರಿಗೆ 'ನ್ಯಾಯವಾದದ್ದನ್ನು ಕೊಡುತ್ತೇನೆ' ಎಂಬ ಮಾತು ಮಾತ್ರ. ಐದು ಗಂಟೆಯವರಿಗೆ, ಹಳೆಯ ಹಸ್ತಪ್ರತಿಗಳ ಪ್ರಕಾರ, ಕೂಲಿಯ ಮಾತೇ ಇಲ್ಲ. ನೀವೂ ಹೋಗಿ, ಅಷ್ಟೇ. ಹೊತ್ತು ಇಳಿದಂತೆ ಕರಾರು ಕರಗಿ ನಂಬಿಕೆ ಉಳಿಯುತ್ತಾ ಬರುತ್ತದೆ. ಎರಡನೆಯದು ಬಟವಾಡೆಯ ಕ್ರಮ. ಕಡೆಗೆ ಬಂದವರಿಂದ ಶುರು ಮಾಡು ಎಂದು ಯಜಮಾನನೇ ಹೇಳುತ್ತಾನೆ. ಮೊದಲಿನವರಿಗೇ ಮೊದಲು ಕೊಟ್ಟಿದ್ದರೆ ಅವರು ನಾಣ್ಯವನ್ನು ಸೆರಗಿಗೆ ಕಟ್ಟಿಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಿದ್ದರು, ಕಥೆಯೇ ಇರುತ್ತಿರಲಿಲ್ಲ. ಅವರು ನೋಡಲಿ ಎಂದೇ ಆ ಕ್ರಮ. ಮೂರನೆಯದು, ಗೊಣಗಿದವನನ್ನು ಯಜಮಾನ 'ಗೆಳೆಯಾ' ಎಂದು ಕರೆಯುವುದು. ಮತ್ತಾಯನ ಸುವಾರ್ತೆಯಲ್ಲಿ ಆ ಗ್ರೀಕ್ ಪದದಿಂದ ಒಬ್ಬನನ್ನು ಕರೆಯುವುದು ಮೂರೇ ಕಡೆ: ಇಲ್ಲಿ, ಮದುವೆಯ ಉಡುಪಿಲ್ಲದೆ ಊಟಕ್ಕೆ ಬಂದವನಿಗೆ 22:12ರಲ್ಲಿ, ಮುದ್ದಿಟ್ಟು ಹಿಡಿದುಕೊಡಲು ಬಂದ ಯೂದನಿಗೆ 26:50ರಲ್ಲಿ. ಅಷ್ಟೇನೂ ಬೆಚ್ಚಗಿನ ಕರೆಯಲ್ಲ ಅದು.

ಇನ್ನು ಕಣ್ಣಿನ ಮಾತು. 20:15ರ ಗ್ರೀಕಿನಲ್ಲಿ ಇರುವುದು, ನಾನು ಒಳ್ಳೆಯವನಾದದ್ದಕ್ಕೆ 'ನಿನ್ನ ಕಣ್ಣು ಕೆಟ್ಟದ್ದೋ' ಎಂದು. ನಮ್ಮ ಕಡೆ ಕೆಟ್ಟ ಕಣ್ಣು ಎಂದರೆ ದೃಷ್ಟಿ. ಮಗುವಿಗೆ ನಿವಾಳಿಸಿ ತೆಗೆಯುವುದು, ಕಟ್ಟಡಕ್ಕೆ ಬೂದುಗುಂಬಳ ಕಟ್ಟುವುದು. ಬೈಬಲಿನ ಭಾಷೆಯಲ್ಲಿ ಅದು ಜಿಪುಣತನ ಮತ್ತು ಹೊಟ್ಟೆಕಿಚ್ಚು. ಧರ್ಮೋಪದೇಶಕಾಂಡ 15:9ರಲ್ಲಿ ಬಡವನಿಗೆ ಸಾಲ ಕೊಡಲು ಹಿಂದೆಮುಂದೆ ನೋಡುವವನಿಗೂ ಇದೇ ಕಣ್ಣಿನ ಮಾತು ಬರುತ್ತದೆ. ಪದ ಪರಿಚಿತವಾದಷ್ಟೂ ಎಚ್ಚರ ಹೆಚ್ಚಿರಬೇಕು. 'ನೀತಿ'ಯೂ ಹಾಗೆಯೇ. ಸತ್ಯವೇದದ ನೀತಿ ದೇವರ ಮುಂದೆ ಸರಿಯಾಗಿ ನಿಲ್ಲುವುದು, ಶಾಲೆಯಲ್ಲಿ ಕಲಿತದ್ದು ಕಥೆಯ ಕೊನೆಯ ನೀತಿ. ಪಂಚತಂತ್ರ ಕೇಳಿ ಬೆಳೆದವರು ಸಾಮ್ಯವನ್ನೂ ನೀತಿಕಥೆಯಂತೆ ಓದಿ, 'ಒಪ್ಪಿದ ಕೂಲಿಗೆ ಸುಮ್ಮನಿರಬೇಕು' ಎಂಬ ನೀತಿ ತೆಗೆಯುತ್ತಾರೆ. ಕೂಲಿ ಕೊಡುವ ಕಡೆಯಿರುವವರಿಗೆ ಆ ನೀತಿ ಬಹಳ ರುಚಿಸುತ್ತದೆ.

ಅದು ತಪ್ಪೆಂದು ತಿಳಿಯಲು ಒಂದು ಪುಟ ಹಿಂದೆ ತಿರುಗಿಸಬೇಕು. 19:27ರಲ್ಲಿ ಯೇಸುವಿನ ಶಿಷ್ಯ ಪೇತ್ರ ಕೇಳುತ್ತಾನೆ: ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೆ ಏನು ಸಿಗುತ್ತದೆ? ಯೇಸು ಸಿಂಹಾಸನದ ಮಾತನ್ನೂ ನೂರರಷ್ಟಿನ ಮಾತನ್ನೂ ಆಡಿ, 19:30ರಲ್ಲಿ ಮೊದಲಿನವರು ಕಡೆಯವರಾಗುವರು ಎನ್ನುತ್ತಾನೆ. ಅದರ ಬೆನ್ನಿಗೇ, 'ಹೇಗಂದರೆ' ಎಂಬ ಅರ್ಥದ ಕೊಂಡಿ ಪದದೊಂದಿಗೆ ಸಾಮ್ಯ ಶುರುವಾಗುತ್ತದೆ. ಮುಗಿಯುವುದೂ ಅದೇ ಮಾತಿನಿಂದ, 20:16ರಲ್ಲಿ. ಎರಡು ಮಾತಿನ ನಡುವೆ ಸಾಮ್ಯ ಬಾಗಿಲ ಚೌಕಟ್ಟಿನಲ್ಲಿ ನಿಂತ ಹಾಗೆ ನಿಂತಿದೆ, ಆದರೆ 13ನೇ ಶತಮಾನದವರ ಅಧ್ಯಾಯದ ಅಂಕಿ ಚೌಕಟ್ಟಿನ ಒಂದು ಕಡೆಯನ್ನು ಕತ್ತರಿಸಿ ಆಚೆಗಿಟ್ಟಿತು. ಕಥೋಲಿಕ ಪೂಜೆಯ ಮೂರು ವರ್ಷದ ವಾಚನ ಚಕ್ರದಲ್ಲಿ ಈ ಸಾಮ್ಯ ಬರುವುದು ಮೊದಲನೇ ವರ್ಷ, ಸಾಧಾರಣ ಕಾಲದ 25ನೇ ಭಾನುವಾರ. ವಾಚನ ಶುರುವಾಗುವುದು 20:1ರಿಂದಲೇ. ಸಂತ ಫಿಲೋಮಿನಾ ಚರ್ಚಿನಲ್ಲಿ ಕೂತು ಕೇಳಿದವರಿಗೂ ಹಳ್ಳಿಯ ಸಣ್ಣ ಚರ್ಚಿನಲ್ಲಿ ಕೇಳಿದವರಿಗೂ ಅಂದು ಪೇತ್ರನ ಪ್ರಶ್ನೆ ಕಿವಿಗೆ ಬೀಳುವುದಿಲ್ಲ.

ಪೇತ್ರನ ಪ್ರಶ್ನೆ ಸಿಕ್ಕಿದ ಮೇಲೆ, ಬೆಳಗಿನಿಂದ ದುಡಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಶಿಷ್ಯರೇ.

ಪಾಠವನ್ನು ಬದುಕಿಗೆ ತರುವ ಹೆಜ್ಜೆ ಇಲ್ಲಿಂದ. ಎಡವುವುದೂ ಹೆಚ್ಚಾಗಿ ಇಲ್ಲೇ. ಮೊದಲನೆಯ ತಪ್ಪು, ಪಾಠವನ್ನು ಪಕ್ಕದ ಮನೆಗೆ ಕಳಿಸುವುದು. ಪೆನ್ಸಿಲ್ ಹಿಡಿದ ಕೈ 'ಇದು ನಮ್ಮ ಭಾವನಿಗೆ ಸರಿಯಾಗಿದೆ' ಎಂದು ಬರೆಯಲು ಹೊರಟರೆ ಅಲ್ಲಿಗೇ ಬಿಡಬೇಕು. ಎರಡನೆಯದು, ಅಳೆಯಲಾಗದ ಮಾತು. 'ಇನ್ನೂ ಹೆಚ್ಚು ಪ್ರೀತಿಸಬೇಕು', 'ಇನ್ನೂ ಪ್ರಾರ್ಥಿಸಬೇಕು' ಎಂದು ಬರೆದ ನೋಟ್‌ಬುಕ್ಕನ್ನು ವರ್ಷದ ಕೊನೆಗೆ ತೆಗೆದು ನೋಡಿದರೆ ಒಂದೇ ಸಾಲು ಐವತ್ತೆರಡು ಸಲ ಇರುತ್ತದೆ. ಯಾರಿಗೆ, ಏನು, ಯಾವತ್ತಿನೊಳಗೆ ಎಂಬ ಮೂರಕ್ಕೂ ಉತ್ತರವಿರುವ ಒಂದೇ ಸಾಲು ಬರೆಯಬೇಕು, ಏಳು ದಿನದೊಳಗೆ ಮುಗಿಯುವಂಥದ್ದು. ಅದನ್ನೂ ಓದಿದ ದಿನವೇ ಬರೆಯುವುದಕ್ಕಿಂತ ಒಂದು ರಾತ್ರಿ ಕಳೆದ ಮೇಲೆ ಬರೆದರೆ ಉತ್ಸಾಹದ ನೊರೆ ಇಳಿದಿರುತ್ತದೆ.

ಮೂರನೆಯ ತಪ್ಪು ಸೂಕ್ಷ್ಮ: ಭಾಗದ ಮುಖ್ಯ ಮಾತನ್ನು ಬಿಟ್ಟು ಅದರ ಹಿನ್ನೆಲೆಯನ್ನು ಪಾಠ ಮಾಡಿಕೊಳ್ಳುವುದು. ಸಂಜೆಯೇ ಬಟವಾಡೆ ಮಾಡಿದ್ದು ನೋಡಿ 'ಕೂಲಿ ಬಾಕಿ ಇಟ್ಟುಕೊಳ್ಳಬಾರದು' ಎನ್ನುವುದು ಸರಿಯಾದ ಮಾತೇ, ಆದರೆ ಅದಕ್ಕೆ ಆಧಾರ ಯಾಜಕಕಾಂಡ 19:13, ಧರ್ಮೋಪದೇಶಕಾಂಡ 24:14-15, ಯಾಕೋಬ 5:4. ಅಲ್ಲಿ ಅದು ಅಪ್ಪಣೆ, ಇಲ್ಲಿ ಹಿನ್ನೆಲೆ. ಮನೆಗೆಲಸದವರಿಗೆ, ಗಾರೆಯವರಿಗೆ ಬಾಕಿ ಇದ್ದರೆ ಆ ವಚನಗಳನ್ನು ತೆರೆದು ಇವತ್ತೇ ಕೊಡಬೇಕು, ಸಾಮ್ಯಕ್ಕಾಗಿ ಕಾಯಬೇಕಾಗಿಲ್ಲ. ಕಥೆಯಲ್ಲಿ ನಡೆದದ್ದೆಲ್ಲ ಅಪ್ಪಣೆಯೂ ಅಲ್ಲ. ಸೈಟು ಕೊಳ್ಳಲೋ ಬೇಡವೋ ಎಂದು ಗಿದ್ಯೋನನ ಹಾಗೆ ಉಣ್ಣೆ ಹರಡಿ ಗುರುತು ಕೇಳುವವರು, ನ್ಯಾಯಸ್ಥಾಪಕರು 6:14ರಲ್ಲೇ ದೇವರು ಅವನಿಗೆ ಹೋಗು ಎಂದು ಹೇಳಿಯಾಗಿತ್ತು, ಉಣ್ಣೆ ಬಂದದ್ದು ಅವನ ಅನುಮಾನದಿಂದ ಎಂಬುದನ್ನು ನೋಡಿರುವುದಿಲ್ಲ.

ಹಾಗಾದರೆ ಈ ಸಾಮ್ಯ ಮೈಸೂರಿನ ಒಂದು ಸಭೆಯಲ್ಲಿ ಎಲ್ಲಿ ಬಂದು ಕೂರುತ್ತದೆ? ಮೂರು ತಲೆಮಾರಿನಿಂದ ಬರುತ್ತಿರುವ ಮನೆತನದ ಬೆಂಚಿನ ಮೇಲೆ. 'ಚರ್ಚು ಕಟ್ಟುವಾಗ ಕಲ್ಲು ಹೊತ್ತವರು ನಮ್ಮ ತಾತ' ಎಂಬ ಮಾತಿನ ಮೇಲೆ. ಎರಡು ವರ್ಷದ ಹಿಂದೆ ಸೇರಿದವರನ್ನು ಕಮಿಟಿಗೆ ತೆಗೆದುಕೊಂಡಾಗ, ಅವರ ಮಗಳಿಗೆ ಕ್ರಿಸ್ಮಸ್‌ನಲ್ಲಿ ಪಾಠ ಓದಲು ಕೊಟ್ಟಾಗ ಹೊಟ್ಟೆಯೊಳಗೆ ಆಗುವ ಸಣ್ಣ ಉರಿ ಇದೆಯಲ್ಲ, 20:12ರ ಗೊಣಗು ಅದೇ: ಇವರನ್ನು ನಮಗೆ ಸಮ ಮಾಡಿದೆಯಲ್ಲ. ಗಮನಿಸಿ, ಅವರ ದೂರು ತಮಗೆ ಕಡಿಮೆ ಬಂತೆಂದಲ್ಲ. ಆದ್ದರಿಂದ ನೋಟ್‌ಬುಕ್ಕಿನ ಸಾಲು ಹೀಗಿರಬಹುದು: ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಹೊಸದಾಗಿ ಸೇರಿದ ಆ ಮನೆಯವರನ್ನು ಮಧ್ಯಾಹ್ನದ ಊಟಕ್ಕೆ ಕರೆಯುವುದು. ಹೆಸರನ್ನೂ ಬರೆದುಕೊಳ್ಳಿ. ಊಟಕ್ಕೆ ಕೂತಾಗ ತಾತನ ಕಲ್ಲಿನ ಕಥೆ ಎತ್ತದಿದ್ದರೆ ಇನ್ನೂ ಒಳ್ಳೆಯದು.

ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವೂ ಇದೆ, ಒಂದು ತೊಡಕೂ ಇದೆ. ಈಗಿನ ಇಂಗ್ಲಿಷಿನ ಬೈಬಲ್ ಓದುವವರಿಗೆ ಒಬ್ಬನಿಗೆ ಹೇಳಿದ್ದೋ ಹಲವರಿಗೆ ಹೇಳಿದ್ದೋ ತಿಳಿಯುವುದಿಲ್ಲ, ನಮಗೆ ನೀನು, ನೀವು ಬೇರೆ ಬೇರೆ. ಲೂಕ 22:31ರಲ್ಲಿ ಸೀಮೋನನ, ಅಂದರೆ ಪೇತ್ರನ, ಹೆಸರು ಹಿಡಿದು ಕರೆದರೂ ಸೈತಾನನು ಒನೆಯಲು ಕೇಳಿಕೊಂಡದ್ದು 'ನಿಮ್ಮನ್ನು', ಅಂದರೆ ಎಲ್ಲ ಶಿಷ್ಯರನ್ನು. ಮರುವಚನದಲ್ಲಿ ಯೇಸು ಬೇಡಿಕೊಂಡದ್ದು 'ನಿನಗೋಸ್ಕರ', ಪೇತ್ರನೊಬ್ಬನಿಗಾಗಿ, ಅವನು ತಿರುಗಿಕೊಂಡ ಮೇಲೆ ಉಳಿದವರನ್ನು ದೃಢಪಡಿಸಲಿ ಎಂದು. ತೊಡಕು ಏನೆಂದರೆ ನಮ್ಮ 'ನೀವು' ಮರ್ಯಾದೆಯ ಏಕವಚನವೂ ಹೌದು. 1 ಕೊರಿಂಥ 3:16ರ 'ನೀವು ದೇವರ ಆಲಯವಾಗಿದ್ದೀರಿ' ಎಂಬುದನ್ನು ನನಗೊಬ್ಬನಿಗೆ ಮರ್ಯಾದೆಯಿಂದ ಹೇಳಿದ್ದು ಎಂದುಕೊಂಡು, ಜಗಳವಾಡುತ್ತಿದ್ದ ಇಡೀ ಸಭೆಗೆ ಪೌಲ ಹೇಳಿದ್ದನ್ನು ಕಳೆದುಕೊಳ್ಳುತ್ತೇವೆ. ಯೆರೆಮೀಯನ ಕಾಗದದ 'ನಿಮ್ಮ'ವೂ ಊರು ಕಳೆದುಕೊಂಡ ಒಂದು ಜನಕ್ಕೆ ಹೇಳಿದ್ದು.

ನಾಲೆ ಬಯಲಿನವರಿಗೆ ಇನ್ನೊಂದು ಮಾತು. ಬಿತ್ತುವವನ ಸಾಮ್ಯದಲ್ಲಿ ಮೂವತ್ತು, ಅರವತ್ತು, ನೂರರಷ್ಟು ಫಲ ಎಂದಾಗ ಮಂಡ್ಯದ ರೈತನಿಗೆ ಅದು ದೊಡ್ಡದಾಗಿ ಕಾಣುವುದೇ ಇಲ್ಲ. ಎಕರೆಗೆ 25 ಕೆಜಿ ಬಿತ್ತನೆ ಬತ್ತ ಒಟ್ಟಲಿಗೆ ಹಾಕಿ, ನಾಟಿ ಮಾಡಿ, 25 ಕ್ವಿಂಟಾಲ್ ಮನೆಗೆ ತಂದರೆ ಅಲ್ಲೇ ನೂರರಷ್ಟಾಯಿತು. ಅದಕ್ಕೆ ಕನ್ನಂಬಾಡಿಯ ನೀರಿದೆ, ಗೊಬ್ಬರವಿದೆ, ಸುಧಾರಿತ ತಳಿಯಿದೆ. ಯೇಸುವಿನ ಮಾತು ಕೇಳಿದವರದು ಮಳೆ ನಂಬಿದ ಕಲ್ಲುನೆಲ, ಚೆಲ್ಲು ಬಿತ್ತನೆ. ಅವರಿಗೆ ನೂರರಷ್ಟು ಎಂದರೆ ಏನೆಂದು ತಿಳಿಯಬೇಕಾದರೆ ಆದಿಕಾಂಡ 26:12 ನೋಡಬೇಕು. ಇಸಾಕನಿಗೆ ಅಷ್ಟು ಬಂದಾಗ ದೇವರು ಆಶೀರ್ವದಿಸಿದನೆಂದು ಅಲ್ಲಿ ಬೇರೆಯಾಗಿ ಬರೆದಿದೆ.

ಇದನ್ನೆಲ್ಲ ಒಬ್ಬರೇ ಮಾಡುವುದಕ್ಕಿಂತ ಕೂಟದಲ್ಲಿ ಮಾಡಿದರೆ ತಪ್ಪು ಬೇಗ ಸಿಕ್ಕಿಬೀಳುತ್ತದೆ. ಆರರಿಂದ ಎಂಟು ಜನ, ಒಂದು ಗಂಟೆ ಸಾಕು. ಹತ್ತು ದಾಟಿದರೆ ಅದು ಪ್ರಸಂಗವಾಗುತ್ತದೆ. ಮನೆ ಕೂಟ ಕೆಡುವ ರೀತಿಯೂ ಹೆಚ್ಚುಕಡಿಮೆ ಒಂದೇ: ಪ್ರಶ್ನೆ ಕೇಳಿದೊಡನೆ ಹಿರಿಯರೊಬ್ಬರು ಉತ್ತರ ಕೊಟ್ಟುಬಿಡುತ್ತಾರೆ, ಉಳಿದವರು ಹೌದೆನ್ನುತ್ತಾರೆ, ಹೆಂಗಸರು ಕಾಫಿಗೆ ಹಾಲಿಡಲು ಒಳಗೆ ಹೋಗುತ್ತಾರೆ. ಆದ್ದರಿಂದ ಕಾಫಿ ಮೊದಲೇ ಆಗಲಿ. ಮೊದಲ ಸುತ್ತಿನಲ್ಲಿ 'ಪಠ್ಯದಲ್ಲಿ ಏನಿದೆ' ಎಂಬುದನ್ನು ಮಾತ್ರ, ಕಿರಿಯರಿಂದ ಶುರುಮಾಡಿ ಒಬ್ಬೊಬ್ಬರೂ ಒಂದೊಂದು ಹೇಳಲಿ, ಅಂಕಿ ಹಿಡಿದು ಹೇಳಲಿ. ಯಾವ ವಚನದಲ್ಲಿ ಎಂದು ತೋರಿಸಲಾಗದ್ದು ಬಲಪುಟಕ್ಕೆ. ಹಿರಿಯರ ಸರದಿ ಕೊನೆಗೆ. ಕಡೆಯವರಿಂದ ಬಟವಾಡೆ ಶುರುವಾದ ಭಾಗವನ್ನು ಓದುತ್ತಿರುವಾಗ ಅವರೂ ಇದಕ್ಕೆ ತಕರಾರು ಮಾಡಲಾರರು. ಬರೆದುಕೊಂಡ ಸಾಲು ಏನಾಯಿತು ಎಂದು ಮುಂದಿನ ವಾರದ ಮೊದಲ ಐದು ನಿಮಿಷ ಕೇಳಿ. ಮಾಡಲಾಗಲಿಲ್ಲ ಎಂದವರಿಗೆ ಉಪದೇಶ ಬೇಡ, ಸಾಲು ದೊಡ್ಡದಾಯಿತೇ ಎಂದು ನೋಡಿ ಚಿಕ್ಕದು ಮಾಡಿಕೊಟ್ಟರೆ ಆಯಿತು.

ಆ ಮುಂದಿನ ವಾರಕ್ಕೆ 20:17ರಿಂದ 28. ಸಾಮ್ಯ ಮುಗಿದು ನಾಲ್ಕು ವಚನ ದಾಟುವಷ್ಟರಲ್ಲಿ ಜೆಬೆದಾಯನ ಹೆಂಡತಿ ಶಿಷ್ಯರಾಗಿದ್ದ ತನ್ನ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಯೇಸುವಿನ ಬಳಿ ಬಂದು, ಒಬ್ಬನಿಗೆ ಬಲಗಡೆ ಒಬ್ಬನಿಗೆ ಎಡಗಡೆ ಜಾಗ ಕೇಳುತ್ತಾಳೆ. ಉಳಿದ ಹತ್ತು ಮಂದಿ ಶಿಷ್ಯರಿಗೆ ಸಿಟ್ಟು ಬರುತ್ತದೆ. ಯಾಕೆ ಸಿಟ್ಟು ಬಂತು ಎಂಬುದನ್ನು ಯಾವ ಪುಟದಲ್ಲಿ ಬರೆಯಬೇಕು, ಎಡದಲ್ಲೋ ಬಲದಲ್ಲೋ, ಎಂಬುದರಿಂದಲೇ ಕೂಟ ಶುರುಮಾಡಬಹುದು.